ಒಡೆದ ಕೊಕ್ಕೋ ಕಾಯುವುದಿಲ್ಲ

ದಕ್ಷಿಣ ಕನ್ನಡದ ಇಚಿಲಂಪಾಡಿಯ ತೋಟಗಳಲ್ಲಿ ಕೊಕ್ಕೋ ಒಡೆಯಲು ತಿಳಿದವರು ಕತ್ತಿ ಎತ್ತುವುದಿಲ್ಲ. ಕತ್ತಿ ಹಾಕಿದರೆ ಸಿಪ್ಪೆಯ ಜೊತೆ ಒಳಗಿನ ಬೀಜಕ್ಕೂ ಗಾಯ, ಗಾಯವಾದಲ್ಲಿ ಬೂಸ್ಟು. ಹಳದಿಗೆ ತಿರುಗಿದ ಕಾಯಿಯನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಒಂದೇಟು. ಕಾಯಿ ಅಡ್ಡಕ್ಕೆ ಬಿರಿಯುತ್ತದೆ. ಒಳಗೆ ನಡುದಂಟಿಗೆ ಅಂಟಿಕೊಂಡು ಮೂವತ್ತು ನಲವತ್ತು ಬೀಜ, ಒಂದೊಂದಕ್ಕೂ ಬಿಳಿ ಲೋಳೆಯ ಹೊದಿಕೆ. ಬೆರಳು ಹಾಕಿ ಎಳೆದರೆ ಗೊಂಚಲಾಗಿ ಬುಟ್ಟಿಗೆ ಜಾರುತ್ತದೆ. ಒಂದನ್ನು ಬಾಯಿಗಿಟ್ಟು ಚೀಪಿ ನೋಡಿ: ಸಿಹಿ, ಜೊತೆಗೊಂದಿಷ್ಟು ಹುಳಿ. ಅಳಿಲಿಗೂ ಮಂಗನಿಗೂ ಬೇಕಾದದ್ದು ಆ ಲೋಳೆಯೇ. ಚಾಕೊಲೇಟಿನ ವಾಸನೆ ಅಲ್ಲಿ ಎಳ್ಳಷ್ಟೂ ಇಲ್ಲ.

ಒಡೆದ ಮೇಲೆ ಗಡಿಯಾರ ಓಡಲು ಶುರು. ಲೋಳೆಯ ಸಕ್ಕರೆ ಅಂದೇ ಹುಳಿಯತೊಡಗುತ್ತದೆ. ಒಂದು ದಿನದೊಳಗೆ ಹಸಿಬೀಜವನ್ನು ರಾಶಿ ಹಾಕಿ, ಮುಚ್ಚಿ, ಹುದುಗಲು ಬಿಡಬೇಕು. ಐದಾರು ದಿನ ಆ ರಾಶಿ ತನ್ನಷ್ಟಕ್ಕೆ ಬಿಸಿಯೇರುತ್ತದೆ. ನಡುವಿಗೆ ಕೈ ಹಾಕಿದರೆ ಚುರುಕ್ಕೆನ್ನುವಷ್ಟು, 45ರಿಂದ 50 ಡಿಗ್ರಿಯವರೆಗೆ. ಮಧ್ಯೆ ಮಧ್ಯೆ ಮಗುಚಬೇಕು. ಆ ಬಿಸಿಯಲ್ಲಿ ಬೀಜದ ಮೊಳಕೆ ಸತ್ತು, ನೇರಳೆ ಬಣ್ಣ ಕಂದಾಗಿ, ಮುಂದೆ ಹುರಿದಾಗ ಚಾಕೊಲೇಟಿನ ವಾಸನೆ ಕೊಡುವ ಗುಣ ಹುಟ್ಟುತ್ತದೆ. ಆಮೇಲೆ ಒಣಗಿಸುವುದು. ಮೂರು ಕಿಲೋ ಹಸಿಬೀಜಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಒಣಬೀಜ. ಹತ್ತಿಪ್ಪತ್ತು ಕಿಲೋ ಬೆಳೆಯುವ ಮನೆಯಲ್ಲಿ ಇದೆಲ್ಲ ಆಗುವ ಮಾತಲ್ಲ. ರಾಶಿ ಸಣ್ಣದಾದರೆ ಬಿಸಿಯೇ ಏರದು. ಮಳೆಗಾಲದಲ್ಲಂತೂ ಒಣಗಿಸಲು ಬಿಸಿಲೆಲ್ಲಿ? ಹಾಗಾಗಿ ಒಡೆದ ಒಂದು ದಿನದೊಳಗೆ ಹಸಿಬೀಜ ಕೊಳ್ಳುವವನೊಬ್ಬ ಬೇಕು. ಅವನು ಬಾರದಿದ್ದರೆ ಬೀಜ ಗೊಬ್ಬರದ ಗುಂಡಿಗೆ.

ಅಡಿಕೆಯ ಜಾಯಮಾನವೇ ಬೇರೆ. ನಲವತ್ತು ದಿನ ಅಂಗಳದಲ್ಲಿ ಒಣಗಿದ ಗೋಟು ಗೋಣಿ ಸೇರಿತೆಂದರೆ ವರ್ಷವಾದರೂ ಕಾಯುತ್ತದೆ. ಹೀಗೆ ಒಣಗಿಸಿ ಸುಲಿದ ಚಾಲಿ ಅಡಿಕೆಗೆ ಹಳತಾದಷ್ಟೂ ಬೆಲೆ. ಹೊಸ ಅಡಿಕೆ, ಹಳೆ ಅಡಿಕೆ ಎಂದು ಮಾರುಕಟ್ಟೆಯಲ್ಲಿ ಎರಡು ದರ. ಅಡಿಕೆ ಕಾಯಬಲ್ಲದು, ಆದರೆ ಬೆಳೆಗಾರ ಕಾಯಬಲ್ಲನೇ? ಜೂನ್‌ ಬಂತೆಂದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. ಮೈಲುತುತ್ತಿಗೆ ಹಣ, ಮರ ಹತ್ತುವವರಿಗೆ ಹಣ, ಮಕ್ಕಳ ಶಾಲೆಗೆ ಹಣ, ಮಳೆಗಾಲಕ್ಕೆ ಅಕ್ಕಿ. ಕೈಯಲ್ಲಿ ಇಲ್ಲದವನು ವರ್ತಕರಿಂದ ಮುಂಗಡ ತಂದ. ಮುಂಗಡ ತಂದವನ ಅಡಿಕೆಗೆ ಬೆಲೆ ಹೇಳುವ ಬಾಯಿ ಅವನದಾಗಿ ಉಳಿಯಲಿಲ್ಲ.

ಈಗ ಬೆಂಗಳೂರಿನಲ್ಲಿ ಕಂಪನಿ ಕಟ್ಟುವ ನಮ್ಮೂರ ಹುಡುಗರು ಬಂಡವಾಳ ಎಂಬ ಶಬ್ದವನ್ನು ದಿನಕ್ಕೆ ನೂರು ಸಲ ಆಡುತ್ತಾರೆ. ಬಂಡವಾಳವೆಂದರೆ ಕಾಯುವ ಶಕ್ತಿ ಎಂಬುದು ನನಗೆ ಅರ್ಥವಾದದ್ದು ಅಡಿಕೆ ಮತ್ತು ಕೊಕ್ಕೋ ಅಕ್ಕಪಕ್ಕ ಬೆಳೆಯುವ ಈ ಮಣ್ಣಿನಲ್ಲಿ. ಹೊರಗಿನ ಹೂಡಿಕೆದಾರನಿಲ್ಲದೆ ಆ ಶಕ್ತಿಯನ್ನು ಹೊಂದಿಸಿಕೊಳ್ಳುವ ದಾರಿಯನ್ನು ಪುತ್ತೂರು ಸೀಮೆಯವರು ಹೇಗೆ ಕಂಡುಕೊಂಡರು ಎಂಬುದೇ ಈ ಕತೆ.

1970ರ ದಶಕದ ಆರಂಭ. ಸ್ವಾತಂತ್ರ್ಯಕ್ಕೆ ಮೊದಲು ಸಿಲೋನ್, ಮಲಯಗಳಿಂದ ಹಡಗಿನಲ್ಲಿ ಅಡಿಕೆ ತರಿಸಿಕೊಳ್ಳುತ್ತಿದ್ದ ದೇಶ ಆ ಹೊತ್ತಿಗೆ ತನಗೆ ಬೇಕಾದಷ್ಟನ್ನು ತಾನೇ ಬೆಳೆಯತೊಡಗಿತ್ತು. ಗದ್ದೆಗಳು ತೋಟಗಳಾಗಿದ್ದವು. ಬೆಳೆ ಹೆಚ್ಚಿ ಬೆಲೆ ಕುಸಿಯಿತು. ಕುಸಿತ ಎಲ್ಲಿ ನಿಲ್ಲುತ್ತದೆಂದು ಹೇಳುವವರಿರಲಿಲ್ಲ. ಬೆಳೆಗಾರನಿಗೆ ತಿಳಿಯುತ್ತಿದ್ದುದು ಅವನ ಬಾಗಿಲಿಗೆ ಬಂದ ಒಂದು ದರ ಮಾತ್ರ. ಪಕ್ಕದ ಊರಿನಲ್ಲಿ ಎಷ್ಟು, ಮಂಗಳೂರಿನ ಬಂದರಿನಲ್ಲಿ ಎಷ್ಟು, ಕಾನ್ಪುರದಲ್ಲಿ ಎಷ್ಟು ಎಂಬ ಸುದ್ದಿ ಕೊಳ್ಳುವವನ ಬಳಿ ಇತ್ತು, ಮಾರುವವನ ಬಳಿ ಇರಲಿಲ್ಲ.

ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಸ್ವತಃ ತೋಟಗಾರರು. ಬೆಳೆಗಾರರೇ ಸೇರಿ ಕೊಳ್ಳುವ ಸಂಸ್ಥೆ ಕಟ್ಟಬೇಕು ಎಂದು ಹೊರಟವರ ಮುಂದೆ ಮೊದಲು ನಿಂತ ಅಡ್ಡಿ ರಾಜ್ಯದ ಗಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಗೆರೆ ಬಿದ್ದದ್ದು ಒಂದೇ ಅಡಿಕೆ ನಾಡಿನ ನಡುವೆ. ಪೆರ್ಲ, ಬದಿಯಡ್ಕದ ತೋಟಕ್ಕೂ ಅಡ್ಯನಡ್ಕ, ವಿಟ್ಲದ ತೋಟಕ್ಕೂ ಮಣ್ಣು, ಮಳೆ, ಮಾತು, ಮಾರುಕಟ್ಟೆ ಎಲ್ಲ ಒಂದೇ. ಅರ್ಧ ಬೆಳೆಗಾರರನ್ನು ಹೊರಗಿಟ್ಟು ಕಟ್ಟಿದರೆ ವ್ಯಾಪಾರ ಆ ಕಡೆಯಿಂದ ನುಸುಳುತ್ತದೆ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಕೆಲಸ ಮಾಡುವ ಸಹಕಾರಿಗಳಿಗೆ 1942ರ ಕಾಯಿದೆಯೊಂದಿತ್ತು. ಅದರಡಿ, ಎರಡೂ ರಾಜ್ಯ ಸರಕಾರಗಳ ಬೆಂಬಲದೊಂದಿಗೆ, 1973ರ ಜುಲೈ 11ರಂದು ಮಂಗಳೂರಿನಲ್ಲಿ ಸಂಸ್ಥೆ ನೋಂದಣಿಯಾಯಿತು: ಸೆಂಟ್ರಲ್ ಅರೆಕಾನಟ್ ಮಾರ್ಕೆಟಿಂಗ್ ಆ್ಯಂಡ್ ಪ್ರಾಸೆಸಿಂಗ್ ಕೋ-ಆಪರೇಟಿವ್, ನಮ್ಮೆಲ್ಲರ ಬಾಯಲ್ಲಿ ಕ್ಯಾಂಪ್ಕೋ. ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರು.

ಪಾಲುಹಣ ಕೂಡಿಸಲು ಊರೂರು ತಿರುಗಬೇಕಾಯಿತು. ಬೆಲೆ ಬಿದ್ದು ಕೈ ಬರಿದಾದ ಹೊತ್ತಿನಲ್ಲೇ ಹಣ ಕೇಳುವುದೆಂದರೆ ಎಷ್ಟು ಕಷ್ಟವಿರಬೇಕು! ಕೇಳಿದವರಿಗೆ ಹಿಂದಿನದೊಂದು ಉದಾಹರಣೆಯಂತೂ ಈ ಕರಾವಳಿಯಲ್ಲೇ ಇತ್ತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ, ವಾಮನ ಶ್ರೀನಿವಾಸ ಕುಡ್ವ ಸೇರಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತೆರೆದಾಗ ಬಂಡವಾಳ 8,000 ರೂಪಾಯಿ. ನೇಕಾರರಿಗೆ ನೆರವಾಗಬೇಕೆಂಬುದು ಅದರ ಮೂಲ ಉದ್ದೇಶ. ದೊಡ್ಡ ಠೇವಣಿದಾರರನ್ನು ಕಾಯುತ್ತ ಕೂರದೆ 1928ರಲ್ಲಿ ಅವರು ಪಿಗ್ಮಿ ಎಂಬ ದಾರಿ ಹುಡುಕಿದರು. ಏಜೆಂಟರು ದಿನವೂ ಬಾಗಿಲಿಗೆ ಹೋಗಿ ಎರಡಾಣೆ ಪಡೆದು ಪುಸ್ತಕದಲ್ಲಿ ಬರೆದು ಬರುವ ಪದ್ಧತಿ. ಎರಡಾಣೆಯನ್ನು ಎರಡಾಣೆ ಎಂದು ಕಡೆಗಣಿಸದೆ ದಿನದಿನವೂ ಎಣಿಸಿದ್ದರಿಂದ ಅದು ಸಿಂಡಿಕೇಟ್ ಬ್ಯಾಂಕಾಗಿ ದೇಶವಿಡೀ ಹರಡಿತು. ಸಣ್ಣ ಹಣ ಕೂಡಿ ದೊಡ್ಡದಾಗುತ್ತದೆ ಎಂಬುದು ನಮ್ಮ ಜಿಲ್ಲೆಗೆ ಪುಸ್ತಕದಿಂದ ಬಂದ ಪಾಠವಾಗಿರಲಿಲ್ಲ.

ಆದರೆ ಅಡಿಕೆಯ ಲೆಕ್ಕದಲ್ಲಿ ಪಾಲುಹಣ ಎಷ್ಟಿದ್ದರೂ ಸಾಲದು. ಎರಡು ರಾಜ್ಯದ ಇಡೀ ಬೆಳೆಯನ್ನು ಕೊಳ್ಳುವ ಹಣ ಯಾವ ಸಹಕಾರಿಯ ಬಳಿಯೂ ಇರಲಾರದು. ಇಲ್ಲೇ ನಿಜವಾದ ಕಂಡುಹಿಡಿಯುವಿಕೆ ನಡೆದದ್ದು ಎಂದು ನಾನು ತಿಳಿದಿದ್ದೇನೆ. ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಬೆಳೆಯ ಒಂದು ಭಾಗವನ್ನು ಮಾತ್ರ ಕೊಂಡರೂ ಸಾಕು, ಆದರೆ ದಿನವೂ ಕೊಳ್ಳಬೇಕು, ಇಂದಿನ ದರ ಇಷ್ಟು ಎಂದು ಎಲ್ಲರಿಗೂ ಕಾಣುವಂತೆ ಹಾಕಬೇಕು, ತೂಕ ಸರಿಯಿರಬೇಕು. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಡಿಕೆಯನ್ನು ದರ್ಜೆವಾರು ವಿಂಗಡಿಸುವಾಗ ಬೆಳೆಗಾರನ ಕಣ್ಣೆದುರೇ ವಿಂಗಡಿಸಬೇಕು. ಅಷ್ಟಾದರೆ ಅದಕ್ಕಿಂತ ಕಡಿಮೆ ಬೆಲೆ ಹೇಳುವ ಖಾಸಗಿ ವರ್ತಕನ ಅಂಗಡಿಗೆ ಹೋಗುವವರು ಯಾರು? ಕ್ಯಾಂಪ್ಕೋಗೆ ಒಂದು ಕಿಲೋವನ್ನೂ ಮಾರದವನಿಗೂ ಕ್ಯಾಂಪ್ಕೋದ ದರ ಸಿಗತೊಡಗಿತು. ಇಂದಿಗೂ ಕಡಬದ ಪೇಟೆಯಲ್ಲಿ ಅಡಿಕೆಯ ಮಾತು ಶುರುವಾಗುವುದು ಒಂದೇ ಪ್ರಶ್ನೆಯಿಂದ: "ಕ್ಯಾಂಪ್ಕೋದಲ್ಲಿ ಎಷ್ಟಂತೆ?" ಕೊಡುವುದು ಬೇರೆ ಅಂಗಡಿಗಾದರೂ ಪ್ರಶ್ನೆ ಅದೇ.

ಈ ಉಪಾಯದ ಬೆಲೆ ಕಟ್ಟುವುದು ಕಷ್ಟ. ಸಂಸ್ಥೆಯ ಲಾಭನಷ್ಟದ ಪಟ್ಟಿಯಲ್ಲಿ ಅದು ಕಾಣಿಸುವುದೇ ಇಲ್ಲ. ಹೊರಗಿನ ಹೂಡಿಕೆದಾರನೊಬ್ಬ ಅಲ್ಲಿ ಕುಳಿತಿದ್ದರೆ, ಸದಸ್ಯರಲ್ಲದವರಿಗೆಲ್ಲ ಹೀಗೆ ಪುಕ್ಕಟೆ ಲಾಭ ಹಂಚುವುದೇಕೆ ಎಂದು ಕೇಳಿಯೇ ಕೇಳುತ್ತಿದ್ದ. ಬೆಳೆಗಾರನ ಪಾಲುಪತ್ರಕ್ಕೆ ಆ ಪ್ರಶ್ನೆ ಇರಲಿಲ್ಲ. ಅವನು ಪಾಲು ಕೊಂಡದ್ದು ಪಾಲಿನ ಬೆಲೆ ಏರಲಿ ಎಂದಲ್ಲ, ಅಡಿಕೆಯ ಬೆಲೆ ನಿಲ್ಲಲಿ ಎಂದು. ಸಹಕಾರಿಯ ಪಾಲನ್ನು ಬಿಡುವಾಗ ಮುಖಬೆಲೆಯಷ್ಟೇ ಕೈಗೆ ಬರುವುದು. ಹತ್ತು ಪಾಲಿದ್ದವನಿಗೂ ನೂರು ಪಾಲಿದ್ದವನಿಗೂ ಒಂದೇ ಮತ.

ಅಡಿಕೆಗೆ ಹೀಗೊಂದು ಆಸರೆ ಸಿಕ್ಕ ಹೊತ್ತಿಗೆ ತೋಟದೊಳಗೆ ಇನ್ನೊಂದು ಗಿಡ ಬೆಳೆದು ನಿಂತಿತ್ತು. ಅಡಿಕೆಯ ನೆರಳಿನಲ್ಲಿ ಕೊಕ್ಕೋ ಚೆನ್ನಾಗಿ ಬರುತ್ತದೆ ಎಂಬುದನ್ನು ವಿಟ್ಲದ ಸಂಶೋಧನಾ ಕೇಂದ್ರ ತೋರಿಸಿಕೊಟ್ಟಿತ್ತು. ಚಾಕೊಲೇಟು ಕಂಪನಿಯೊಂದು ಸಸಿ, ಸಲಹೆ ಎರಡನ್ನೂ ಕೊಟ್ಟು ಕೇರಳದಲ್ಲೂ ಕರ್ನಾಟಕದಲ್ಲೂ ಬೆಳೆ ಹಬ್ಬಿಸಿತು. 1977ರಲ್ಲಿ ಲೋಕದ ಕೊಕ್ಕೋ ಬೆಲೆ ಮುಗಿಲು ಮುಟ್ಟಿತು. ಮೂರ್ನಾಲ್ಕು ವರ್ಷಕ್ಕೆ ಫಲ ಕೊಡುವ ಗಿಡ, ನೆಟ್ಟವರೇ ನೆಟ್ಟರು. ಫಲ ಬರುವ ಹೊತ್ತಿಗೆ, 1979-80ರ ಸುಮಾರಿಗೆ, ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಬೆಲೆ ಬಿದ್ದಿತ್ತು. ಇಲ್ಲಿ ಖರೀದಿ ನಿಂತಿತು.

ಅಡಿಕೆಯಾಗಿದ್ದರೆ ಗೋಣಿ ಕಟ್ಟಿಡಬಹುದಿತ್ತು. ಕೊಕ್ಕೋ ಒಡೆದಿಟ್ಟರೆ ಸಂಜೆಗೇ ಹುಳಿ ವಾಸನೆ. ಬೆಳೆಗಾರರು ಕೊಯ್ಯುವುದನ್ನೇ ಬಿಟ್ಟರು. ಮರದಲ್ಲೇ ಕಪ್ಪಾದ ಕಾಯಿಗಳು ತೂಗಾಡಿದವು, ಬೇಸತ್ತ ಕೆಲವರು ಗಿಡವನ್ನೇ ಕಡಿದು ಹಾಕಿದರು. ಆಗ ಸರಕಾರಗಳೂ ಬೆಳೆಗಾರರೂ ಕ್ಯಾಂಪ್ಕೋವನ್ನು ಕೇಳಿಕೊಂಡರು. ಅಡಿಕೆಯ ವ್ಯಾಪಾರವಷ್ಟೇ ಗೊತ್ತಿದ್ದ ಸಂಸ್ಥೆ ಹಸಿಬೀಜಕ್ಕೆ ತಕ್ಕಡಿ ಹಿಡಿಯಿತು. ಹುದುಗಿಸಿ, ಒಣಗಿಸಿ, ಒಣಬೀಜವನ್ನು ಹೊರದೇಶಕ್ಕೆ ಕಳಿಸಿತು.

ಕಳಿಸಿದ ಮೇಲೆ ತಿಳಿದ ಸತ್ಯವೇ ಮುಂದಿನ ಹೆಜ್ಜೆ ಇಡಿಸಿತು. ಒಣಬೀಜ ಮಾರುವವರೆಗೂ ಬೆಲೆ ಲಂಡನ್ನಿನವರದೇ. ಬೀಜದಿಂದ ಮುಂದಕ್ಕೆ ಹೋದರೆ ಮಾತ್ರ ಕೈಗೆ ಹಿಡಿತ. ಗುಜರಾತಿನ ಆಣಂದದಲ್ಲಿ ಹಾಲಿನವರು ಇದೇ ದಾರಿಯಲ್ಲಿ ನಡೆದಿದ್ದರು. 1946ರಲ್ಲಿ ಖೇಡಾ ಜಿಲ್ಲೆಯ ಹಾಲು ಉತ್ಪಾದಕರು ತ್ರಿಭುವನದಾಸ ಪಟೇಲರ ಮುಂದಾಳತ್ವದಲ್ಲಿ ಒಕ್ಕೂಟ ಕಟ್ಟಿದ್ದರು, ಮುಂದೆ ವರ್ಗೀಸ್ ಕುರಿಯನ್ನರ ಕಾಲದಲ್ಲಿ ಎಮ್ಮೆಹಾಲನ್ನು ಪುಡಿ ಮಾಡುವ ಕಾರ್ಖಾನೆ ಅಲ್ಲಿ ಎದ್ದಿತ್ತು. ಹಾಲು ಕಾಯದು, ಪುಡಿ ಕಾಯುತ್ತದೆ. ಹಸಿಬೀಜ ಕಾಯದು, ಚಾಕೊಲೇಟು ಕಾಯುತ್ತದೆ. ತೀರ್ಮಾನ ಬರೆಯಲು ಒಂದು ಸಾಲು ಸಾಕು. ಅದರಂತೆ ನಡೆಯಲು ಎದೆ ಬೇಕು. ಪುತ್ತೂರಿನ ಮನೆಗಳಲ್ಲಿ ಆಗ ಚಾಕೊಲೇಟು ತಿನ್ನುವವರೇ ಅಪರೂಪ. ಕೊಕ್ಕೋದ ಬೆಣ್ಣೆ ಮೈಬಿಸಿಗಿಂತ ತುಸು ಕಡಿಮೆ ಬಿಸಿಗೇ ಕರಗುವ ವಸ್ತು. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ, ಫ್ರಿಜ್ ಇಲ್ಲದ ಅಂಗಡಿಯ ಗಾಜಿನ ಭರಣಿಯಲ್ಲಿ, ಅದರ ಪಾಡೇನು? ಹುರಿಯುವ, ಸಿಪ್ಪೆ ಹಾರಿಸುವ, ಅರೆಯುವ, ಬೆಣ್ಣೆ ಹಿಂಡುವ, ಗಂಟೆಗಟ್ಟಲೆ ತಿರುವಿ ನಯ ಮಾಡುವ ಯಂತ್ರಗಳನ್ನು ಕಂಡವರೇ ಜಿಲ್ಲೆಯಲ್ಲಿರಲಿಲ್ಲ.

ಆದರೂ ಕಟ್ಟಿದರು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಎದ್ದು, 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಮೊದಮೊದಲು ಸ್ವಂತ ಹೆಸರಿನ ಮಾಲು ಯಂತ್ರದ ಹೊಟ್ಟೆ ತುಂಬಿಸುವಷ್ಟು ಖರ್ಚಾಗುತ್ತಿರಲಿಲ್ಲ. ಬೇರೆ ಕಂಪನಿಗಳಿಗೂ ಚಾಕೊಲೇಟು ಮಾಡಿಕೊಟ್ಟು ಯಂತ್ರ ತಿರುಗಿಸಿದರು. ಹೆಮ್ಮೆಗಾಗಿ ಯಂತ್ರವನ್ನು ಸುಮ್ಮನೆ ನಿಲ್ಲಿಸಲಿಲ್ಲ ಎಂಬುದನ್ನು ನಾನು ಬಹಳ ಮೆಚ್ಚುತ್ತೇನೆ. ನಿಧಾನಕ್ಕೆ ಮೆಲ್ಟೋ, ಟರ್ಬೋ, ವಿನ್ನರ್ ಹೆಸರುಗಳು ಊರಿನ ಮಕ್ಕಳ ಬಾಯಿಗೆ ಬಂದವು. ಜ್ವರ ಬಿಟ್ಟ ಮಗುವಿಗೆ ಬಿಸಿಹಾಲಿಗೆ ಒಂದು ಚಮಚ ವಿನ್ನರ್ ಕಲಸಿ ಕೊಡುವುದು ನಮ್ಮ ಮನೆಯಲ್ಲಿ ಇಂದಿಗೂ ಉಂಟು.

ಈ ದಾರಿಗೆ ಕೊರತೆಯೇ ಇಲ್ಲ ಎಂದರೆ ಸುಳ್ಳಾದೀತು. ಬಹುರಾಷ್ಟ್ರೀಯ ಕಂಪನಿಯೊಂದು ಒಂದು ಹಬ್ಬದ ಜಾಹೀರಾತಿಗೆ ಸುರಿಯುವ ಹಣವನ್ನು ಬೆಳೆಗಾರರ ಸಹಕಾರಿ ಸುರಿಯಲಾರದು. ಪುತ್ತೂರಿನ ಚಾಕೊಲೇಟು ದೆಹಲಿಯ ಅಂಗಡಿಯ ಮುಂದಿನ ಸಾಲಿನಲ್ಲಿ ಕಾಣಿಸಲಿಲ್ಲ. ಬೆಲೆ ಇಳಿದಾಗ ಹೆಚ್ಚಿಗೆ ಕೊಟ್ಟು ಕೊಂಡ ದಾಸ್ತಾನಿನ ನಷ್ಟವೂ ಕೊನೆಗೆ ಸದಸ್ಯರ ತಲೆಗೇ. ಬೆಳೆದದ್ದು ಮೆಲ್ಲಗೆ, ಆದರೆ ಇಂದು ಸದಸ್ಯರು ಲಕ್ಷ ದಾಟಿದ್ದಾರೆ, ಸಂಸ್ಥೆ ಇನ್ನೂ ಬೆಳೆಗಾರರ ಕೈಯಲ್ಲಿದೆ.

ಹೊಸ ಕಂಪನಿಗಳಲ್ಲಿ ಹೊರಗಿನವರು ಹೂಡುವ ವೆಂಚರ್ ಕ್ಯಾಪಿಟಲ್ ಕೂಡ ಕಾಯುವ ಶಕ್ತಿಯನ್ನೇ ಕೊಡುತ್ತದೆ. ಲಾಭ ಬರುವ ಮೊದಲೇ ಸಂಬಳ, ಬಾಡಿಗೆ, ಯಂತ್ರಕ್ಕೆ ಹಣ. ಆದರೆ ಆ ಕಾಯುವಿಕೆಗೆ ಹೂಡಿಕೆದಾರರದೇ ಪಂಚಾಂಗ. ಇಂಥ ನಿಧಿಯೊಂದರ ಆಯುಷ್ಯ ಸಾಮಾನ್ಯವಾಗಿ 10 ವರ್ಷ. ಅದರೊಳಗೆ ಕಂಪನಿಯನ್ನು ಮಾರಿಯೋ ಶೇರುಪೇಟೆಗೆ ತಂದೋ ಹಾಕಿದ್ದಕ್ಕೆ ಹಲವು ಪಟ್ಟು ಎತ್ತಿಕೊಂಡು ಹೊರಡಬೇಕು. ಅಡಿಕೆ ಸಸಿ ನೆಟ್ಟರೆ ಮೊದಲ ಗೊನೆಗೆ ಐದರಿಂದ ಏಳು ವರ್ಷ, ಮರ ತುಂಬ ಫಲ ಕೊಡಲು ಹತ್ತರ ಹತ್ತಿರ. ತೋಟ ಆಗ ತಾನೇ ಕಣ್ಣು ಬಿಡುವ ಹೊತ್ತಿಗೆ ಹೂಡಿಕೆದಾರ ಚೀಲ ಕಟ್ಟುತ್ತಿರುತ್ತಾನೆ. ಹತ್ತು ವರ್ಷದೊಳಗೆ ನೂರ್ಮಡಿ ಆಗಬಲ್ಲ ಕೆಲಸಕ್ಕೆ ಆ ಹಣ ತಕ್ಕದ್ದು. ಉಳಿದ ಕೆಲಸಗಳೇ ಲೋಕದಲ್ಲಿ ಹೆಚ್ಚು.

ಸಹಕಾರಿ ಕಟ್ಟದೆ ಒಬ್ಬಂಟಿಯಾಗಿ ಹೊರಟವರಿಗೂ ಇದೇ ಸೀಮೆಯಲ್ಲಿ ದಾರಿ ಸಿಕ್ಕಿದ್ದುಂಟು. ಸುಳ್ಯ ತಾಲೂಕಿನ ಬೆಳ್ಳಾರೆಯಲ್ಲಿ 1980ರ ದಶಕದಲ್ಲಿ ಸಾಲ ಮಾಡಿ ತೆಗೆದ ಆಟೋರಿಕ್ಷಾ ಓಡಿಸುತ್ತಿದ್ದ ಯುವಕ ಸತ್ಯಶಂಕರ. ದುಡಿದು ಆ ಸಾಲ ತೀರಿಸಿದರು. ಆಟೋ ಮಾರಿ ಅಂಬಾಸಿಡರ್ ಕಾರು ಕೊಂಡರು. ಮುಂದೆ ಪುತ್ತೂರಿನಲ್ಲಿ ವಾಹನಗಳ ಬಿಡಿಭಾಗದ ವ್ಯಾಪಾರ, ಟಯರಿನ ವ್ಯಾಪಾರ, ಅದರಿಂದ ವಾಹನಸಾಲ ಕೊಡುವ ಸಂಸ್ಥೆ. ಒಂದೊಂದೂ ಹಿಂದಿನದರ ಗಿರಾಕಿಗಳಿಂದಲೇ ಹುಟ್ಟಿದ್ದನ್ನು ಗಮನಿಸಿ. ಆಟೋ ಓಡಿಸಿದವನಿಗೆ ಯಾವ ಟಯರು ಎಷ್ಟು ದಿನ ಬಾಳುತ್ತದೆಂದು ಗೊತ್ತು. ಟಯರು ಮಾರಿದವನಿಗೆ ಯಾವ ಚಾಲಕ ಕಂತು ಕಟ್ಟುತ್ತಾನೆಂದು ಗೊತ್ತು. 2000ದ ಹೊತ್ತಿಗೆ ಬಿಂದು ಹೆಸರಿನ ಕುಡಿಯುವ ನೀರು, 2002ರಲ್ಲಿ ಬಿಂದು ಜೀರಾ ಮಸಾಲ. ಜೀರಿಗೆಯ ಕಷಾಯ ಕುಡಿದು ಬೆಳೆದ ನಾಡಿಗೆ ಜೀರಿಗೆಯ ಸೋಡಾ ಬಾಟಲಿಯಲ್ಲಿ ಬಂತು. ಪುತ್ತೂರಿನ ನರಿಮೊಗರಿನಿಂದ ಹೊರಟ ಆ ಬಾಟಲಿ ಇಂದು ದಕ್ಷಿಣದ ರಾಜ್ಯಗಳ ಗೂಡಂಗಡಿಗಳಲ್ಲಿ ತೂಗುತ್ತದೆ. ಹೊಸ ಪಾನೀಯವೊಂದು ನಾಲಗೆಗೆ ಹಿಡಿಸಲು ಬೇಕಾದ ಕಾಲವನ್ನು ಹಳೆಯ ವ್ಯಾಪಾರಗಳು ದುಡಿದು ಕೊಟ್ಟವು. ಬೆಂಗಳೂರಿನಲ್ಲಿ ನಿತಿನ್ ಕಾಮತ್ 2010ರಲ್ಲಿ ಶುರುಮಾಡಿದ ಶೇರು ದಲ್ಲಾಳಿ ಸಂಸ್ಥೆ ಝೆರೋಧಾ ಕೂಡ ಹೊರಗಿನ ಹೂಡಿಕೆ ಪಡೆಯದೆ, ಗಿರಾಕಿಗಳು ಕೊಟ್ಟ ಶುಲ್ಕದಿಂದಲೇ ಬೆಳೆದದ್ದು.

ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕಾಗದಪತ್ರಗಳ ನಡುವೆ ಸಹಕಾರಿ ಪಾಲಿನ ರಶೀದಿಯೊಂದಿದೆ. ಗೆದ್ದಲು ಒಂದು ಮೂಲೆ ತಿಂದಿದೆ. ಅದನ್ನು ಯಾರೂ ಮಾರಿಲ್ಲ, ಮಾರಿದರೆ ಬರುವುದೂ ಅಷ್ಟರಲ್ಲೇ ಇದೆ. ಆ ರಶೀದಿಯ ಹಣ ಕೊಟ್ಟ ವರ್ಷ ಅಜ್ಜಿ ಬಳೆ ಅಡವಿಟ್ಟಿದ್ದರು ಎಂದು ಅಮ್ಮ ಹೇಳುತ್ತಿದ್ದರು. ಬಳೆ ಬಿಡಿಸಿಕೊಂಡದ್ದು ಮರುವರ್ಷದ ಅಡಿಕೆಯಿಂದ.

2024ರಲ್ಲಿ ಆಫ್ರಿಕದ ಬೆಳೆ ಕೆಟ್ಟು ಲೋಕದ ಕೊಕ್ಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಹಿಂದೆ ಗಿಡ ಕಡಿದವರು ತೋಟದಲ್ಲಿ ನಿಂತು ಬುಡ ನೋಡಿದರು. ಉಳಿಸಿಕೊಂಡವರ ಮನೆಯಲ್ಲಿ ದೋಟಿಗೆ ಬಿಡುವಿರಲಿಲ್ಲ. ಆಮೇಲೆ ಬೆಲೆ ಇಳಿಯಿತು, ಇಳಿದೇ ಇಳಿಯುತ್ತದೆಂದು ಗೊತ್ತಿತ್ತು. ಆದರೂ ಗುಂಡ್ಯ ಹೊಳೆಯ ಈಚೆ ಖರೀದಿಯ ಹಿಂದಿನ ದಿನ ತೋಟದಲ್ಲಿ ಕೊಡತಿಯ ಸದ್ದು ತಪ್ಪುವುದಿಲ್ಲ. ಬೆಳಗ್ಗೆ ಲೋಳೆ ಸೋರುವ ಗೋಣಿಯನ್ನು ಬೈಕಿನ ಹಿಂದೆ ಕಟ್ಟಿ ಹೊರಡುತ್ತಾರೆ. ತಕ್ಕಡಿಯ ಮುಂದೆ ಸಾಲು. ಒಬ್ಬೊಬ್ಬರ ಬೀಜಕ್ಕೂ ಕೈ ಹಾಕಿ, ಮೂಸಿ, ನೀರು ಬೆರೆಸಿಲ್ಲವಷ್ಟೇ ಎಂದು ನೋಡಿ, ತೂಗಿ, ಚೀಟಿ ಬರೆಯುತ್ತಾರೆ. "ಹನ್ನೆರಡು ಕಿಲೋ ನಾನೂರು, ಸರಿಯಾ ಅಣ್ಣ?" ಸರಿ ಎಂದವನು ಚೀಟಿ ಮಡಚಿ ಜೇಬಿಗೆ ಹಾಕುತ್ತಾನೆ, ಖಾಲಿ ಗೋಣಿ ಕೊಡವುತ್ತಾನೆ.